ಕುಣಿಯುವವರು ಎದ್ದುಹೋದ ಮೇಲೆ

1942ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಉತ್ಪಾದನಾ ಮಂಡಳಿ ಒಂದು ಆದೇಶ ಹೊರಡಿಸಿತು. ಸೇನೆಗೆ ಸಂಬಂಧಿಸದ ಕೆಲಸಗಳಿಗೆ ಬಳಸುವ ಅರಗಿನಲ್ಲಿ ಶೇ 70ರಷ್ಟು ಕಡಿತ ಮಾಡಬೇಕು. ಅರಗು ಅಂದರೆ ನಮಗೆ ನೆನಪಾಗುವುದು ಪಾಂಡವರ ಅರಗಿನ ಮನೆ, ಇಲ್ಲವೇ ಚನ್ನಪಟ್ಟಣದ ಗೊಂಬೆಗಳ ಹೊಳಪು. ಆ ಕಾಲದ ಅಮೆರಿಕದಲ್ಲಿ ಅರಗೆಂದರೆ ಸಂಗೀತ. 78 ಸುತ್ತಿನ ಗ್ರಾಮಫೋನ್ ಪ್ಲೇಟುಗಳನ್ನು ಅರಗಿಗೆ ಕಲ್ಲಿನ ಪುಡಿ ಮತ್ತು ಕಪ್ಪು ಬಣ್ಣ ಕಲಸಿ ಅಚ್ಚೊತ್ತುತ್ತಿದ್ದರು. ಆ ಅರಗಿನ ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗದಂಥ ಮರಗಳ ಕೊಂಬೆಗಳಿಂದ ಕೆರೆದು ತೆಗೆದದ್ದು ಕಲ್ಕತ್ತೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಜಪಾನ್ ಯುದ್ಧಕ್ಕೆ ಧುಮುಕಿ ಸಮುದ್ರದ ದಾರಿಗಳೆಲ್ಲ ಅಪಾಯಕ್ಕೆ ಸಿಲುಕಿದ ಮೇಲೆ ಆ ಹಡಗುಗಳನ್ನು ನಂಬಿ ಕೂರುವಂತಿರಲಿಲ್ಲ. ಹೊಸ ಪ್ಲೇಟು ಬೇಕಾದರೆ ಮನೆಯಲ್ಲಿ ಬಿದ್ದಿರುವ ಹಳೆಯದನ್ನು ತಂದುಕೊಡಿ ಎಂದು ಅಂಗಡಿಗಳು ಗಿರಾಕಿಗಳನ್ನು ಕೇಳತೊಡಗಿದವು.

ಜಾಝ್ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅರಗಿನಿಂದ ಆರಂಭಿಸುವುದಿಲ್ಲ. ಅವರು ಹೇಳುವ ಕತೆ ಇದಕ್ಕಿಂತ ರೋಚಕವಾದದ್ದು: ದೇಶಕ್ಕೆ ದೇಶವನ್ನೇ ಕುಣಿಸಿದ ಸ್ವಿಂಗ್ ಸಂಗೀತ ಹಳಸಿಹೋಗಿತ್ತು, ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಸಣ್ಣ ಕ್ಲಬ್ಬಿನಲ್ಲಿ ಬೆಳಗಿನ ಜಾವದವರೆಗೂ ನುಡಿಸುತ್ತಿದ್ದ ಕೆಲವು ಯುವಕರು ಬೀಬಾಪ್ ಎಂಬ ಹೊಸ ಸಂಗೀತ ಕಟ್ಟಿ ಅದನ್ನು ಕೆಡವಿದರು. ಚೆಂದದ ಕತೆ. ಹೊಸ ಸಂಗೀತ ಕಟ್ಟಿದ ಭಾಗ ಬಹುಮಟ್ಟಿಗೆ ನಿಜವೂ ಹೌದು. ಸ್ವಿಂಗನ್ನು ಕೆಡವಿದ ಭಾಗದ ಬಗ್ಗೆ ನನಗೆ ತಕರಾರಿದೆ. ಸ್ವಿಂಗ್ ಬಿದ್ದದ್ದು ಕಲಾವಿದರ ಬಂಡಾಯದಿಂದಲ್ಲ. ಅದರ ಲೆಕ್ಕದ ಪುಸ್ತಕ ತಾಳೆಯಾಗದೆ ಬಿದ್ದಿತು. ಬಿದ್ದಾಗ ಆದ ಖಾಲಿ ಜಾಗದಲ್ಲಿ ನಿಲ್ಲಲು ಬೀಬಾಪ್‌ಗೆ ಐದು ಜನ ಸಾಕಾಗಿತ್ತು, ಅದೇ ಅದರ ಅದೃಷ್ಟ.

ಸ್ವಿಂಗ್ ಎಷ್ಟು ದೊಡ್ಡದಾಗಿತ್ತು ಎಂಬುದು ಗೊತ್ತಾಗದೆ ಈ ಮಾತಿನ ತೂಕ ತಿಳಿಯದು. 1935ರ ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ಬಾಲ್‌ರೂಮಿನಲ್ಲಿ ಬೆನ್ನಿ ಗುಡ್‌ಮನ್ ತಂಡ ನುಡಿಸಿದಾಗ ಯುವಕ ಯುವತಿಯರು ವೇದಿಕೆಯತ್ತ ನುಗ್ಗಿ ಬಂದರು. ಸ್ವಿಂಗ್ ಯುಗ ಆರಂಭವಾದದ್ದು ಆ ರಾತ್ರಿ ಎಂದು ಪುಸ್ತಕಗಳು ಬರೆಯುತ್ತವೆ. ವಾಸ್ತವದಲ್ಲಿ ಆ ಸಂಗೀತವನ್ನು ಹಾರ್ಲೆಮ್‌ನ ಕಪ್ಪು ಕಲಾವಿದರು ವರ್ಷಗಳಿಂದ ನುಡಿಸುತ್ತಲೇ ಇದ್ದರು. ಗುಡ್‌ಮನ್ ತಂಡ ಅಂದು ನುಡಿಸಿದ್ದರಲ್ಲಿ ಜನರನ್ನು ಹುಚ್ಚೆಬ್ಬಿಸಿದ್ದು ಫ್ಲೆಚರ್ ಹೆಂಡರ್ಸನ್ ಎಂಬ ಕಪ್ಪು ಸಂಗೀತಗಾರ ಬರೆದುಕೊಟ್ಟ ವಾದ್ಯಸಂಯೋಜನೆಗಳು. ಹೆಂಡರ್ಸನ್‌ನ ಸ್ವಂತ ತಂಡ ಅದಕ್ಕೆ ಮುಂಚೆಯೇ ಕಾಸಿಲ್ಲದೆ ಒಡೆದುಹೋಗಿತ್ತು. ಬರೆದವನು ಬಡವ, ನುಡಿಸಿದವನು ‘ಸ್ವಿಂಗ್ ರಾಜ’. ಗುಡ್‌ಮನ್ ಒಳ್ಳೆಯ ಮನುಷ್ಯ, ದೊಡ್ಡ ಕಲಾವಿದ, ಕಪ್ಪು ಮತ್ತು ಬಿಳಿಯ ಕಲಾವಿದರನ್ನು ಒಂದೇ ವೇದಿಕೆಯ ಮೇಲೆ ಕೂರಿಸುವ ಧೈರ್ಯ ತೋರಿದವನು. ಅದರಿಂದ ಈ ಲೆಕ್ಕವೇನೂ ಬದಲಾಗುವುದಿಲ್ಲ. 1937ರ ಮೇ 11ರಂದು ಲೆನಾಕ್ಸ್ ಅವೆನ್ಯೂದ ಸವಾಯ್ ಬಾಲ್‌ರೂಮಿನಲ್ಲಿ ಗುಡ್‌ಮನ್ ತಂಡಕ್ಕೂ ಚಿಕ್ ವೆಬ್ ತಂಡಕ್ಕೂ ಜಿದ್ದಾಜಿದ್ದಿ ಏರ್ಪಟ್ಟಿತು. ಬೆನ್ನುಹುರಿಯ ಕಾಯಿಲೆಯಿಂದ ಗೂನುಬೆನ್ನಾಗಿದ್ದ, ಕುಳ್ಳಗಿನ ಡ್ರಮ್ಮರ್ ವೆಬ್ ತನ್ನ ಮನೆಯಂಗಳದಲ್ಲಿ ಗುಡ್‌ಮನ್‌ನನ್ನು ಸೋಲಿಸಿ ಕಳಿಸಿದ.

ತಂಡವೆಂದರೆ ಹದಿನಾಲ್ಕೋ ಹದಿನಾರೋ ಜನ. ಟ್ರಂಪೆಟ್ಟಿನವರದ್ದೊಂದು ಸಾಲು, ಟ್ರಾಂಬೋನಿನವರದ್ದೊಂದು, ಸ್ಯಾಕ್ಸೊಫೋನಿನವರದ್ದೊಂದು. ಹಿಂದೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್. ಮೇಲೆ ಒಬ್ಬ ಗಾಯಕಿ, ಮ್ಯಾನೇಜರ್, ಬಸ್ಸಿನ ಚಾಲಕ. ಇಷ್ಟೂ ಜನಕ್ಕೆ ವಾರ ವಾರ ಸಂಬಳ. ಇಂದು ಈ ಊರಿನ ನೃತ್ಯಶಾಲೆ, ನಾಳೆ ಇನ್ನೂರು ಮೈಲಿಯಾಚೆಯ ಇನ್ನೊಂದೂರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಹೋಟೆಲುಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ ಅವರ ತಂಡಗಳಿಗೆ ಬಸ್ಸೇ ಮನೆ, ಬಸ್ಸೇ ಊಟದ ಕೋಣೆ. ಈ ಇಡೀ ಏರ್ಪಾಡು ನಿಂತಿದ್ದುದು ಪೆಟ್ರೋಲು, ಟೈರು ಮತ್ತು ಶನಿವಾರ ರಾತ್ರಿ ಟಿಕೆಟ್ ಕೊಂಡು ಕುಣಿಯಲು ಬರುವ ಜನರ ಮೇಲೆ.

ಯುದ್ಧ ಈ ಮೂರಕ್ಕೂ ಕೈ ಹಾಕಿತು. 1942ರ ಆರಂಭದಲ್ಲಿ ಟೈರಿಗೆ ಪಡಿತರ ಬಂತು, ವರ್ಷದ ಕೊನೆಗೆ ದೇಶದಾದ್ಯಂತ ಪೆಟ್ರೋಲಿಗೂ ಬಂತು. ಕುಣಿಯಲು ಬರುತ್ತಿದ್ದ ಯುವಕರೂ ನುಡಿಸುವವರೂ ಸೈನ್ಯಕ್ಕೆ ಹೋದರು. ಸ್ವಿಂಗ್ ತಂಡದ ನಾಯಕ ಗ್ಲೆನ್ ಮಿಲ್ಲರ್ ತನ್ನ ತಂಡ ಮುಚ್ಚಿ ಸಮವಸ್ತ್ರ ತೊಟ್ಟ. 1944ರ ಡಿಸೆಂಬರ್ 15ರಂದು ಇಂಗ್ಲಿಷ್ ಕಾಲುವೆಯ ಮೇಲೆ ಹಾರುತ್ತಿದ್ದ ಅವನ ವಿಮಾನ ಮತ್ತೆ ಕಾಣಲಿಲ್ಲ. ಹೊರಗಿನ ಈ ಕಷ್ಟದ ಜೊತೆಗೆ ಸಂಗೀತಗಾರರ ಯೂನಿಯನ್ ತಾನೂ ಒಂದು ಕಷ್ಟ ಸೇರಿಸಿತು. ಅದರ ಅಧ್ಯಕ್ಷ ಜೇಮ್ಸ್ ಪೆಟ್ರಿಲೊಗೆ ರೇಡಿಯೊ ಮತ್ತು ಜೂಕ್‌ಬಾಕ್ಸ್ ಕಂಡರೆ ಆಗುತ್ತಿರಲಿಲ್ಲ. ಒಮ್ಮೆ ನುಡಿಸಿದ್ದನ್ನು ಸಾವಿರ ಸಲ ತಿರುಗಿಸಿದರೆ ಜೀವಂತ ಕಲಾವಿದನಿಗೆ ಕೆಲಸವೆಲ್ಲಿಂದ ಬರಬೇಕು ಎಂಬುದು ಅವನ ಪ್ರಶ್ನೆ. ಇಂದಿನ ಸ್ಟ್ರೀಮಿಂಗ್ ಕಾಲದಲ್ಲಿ ಕೂತು ಓದಿದರೆ ಆ ಪ್ರಶ್ನೆ ಸುಳ್ಳೆನಿಸುವುದಿಲ್ಲ. ಕಂಪನಿಗಳು ಪ್ರತಿ ಪ್ಲೇಟಿನ ಮೇಲೂ ಯೂನಿಯನ್ನಿನ ನಿಧಿಗೆ ಹಣ ಕಟ್ಟುವವರೆಗೂ 1942ರ ಆಗಸ್ಟ್ 1ರಿಂದ ಯಾವ ಸದಸ್ಯನೂ ಧ್ವನಿಮುದ್ರಣಕ್ಕೆ ಕೂರಕೂಡದು ಎಂದು ಅವನು ಅಪ್ಪಣೆ ಹೊರಡಿಸಿದ. ಡೆಕ್ಕಾ ಕಂಪನಿ ಒಂದು ವರ್ಷ ದಾಟಿದ ಮೇಲೆ ಬಗ್ಗಿತು. ಕೊಲಂಬಿಯಾ ಮತ್ತು ವಿಕ್ಟರ್ 1944ರ ನವೆಂಬರ್‌ವರೆಗೆ ಹಟ ಹಿಡಿದವು.

ಯೂನಿಯನ್ ಗೆದ್ದಿತು, ಸದಸ್ಯರು ಸೋತರು. ಹೇಗೆಂದರೆ, ಹಾಡುವವರು ಆ ಯೂನಿಯನ್ನಿನ ಸದಸ್ಯರಾಗಿರಲಿಲ್ಲ. ಕಂಪನಿಗಳು ಗಾಯಕರ ಹಿಂದೆ ವಾದ್ಯಗಳ ಬದಲು ಕೋರಸ್ ನಿಲ್ಲಿಸಿ ಮುದ್ರಿಸಿಕೊಂಡವು. ಅದುವರೆಗೆ ಟಾಮಿ ಡಾರ್ಸಿ ತಂಡದ ಮೂಲೆಯ ಕುರ್ಚಿಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಫ್ರಾಂಕ್ ಸಿನಾಟ್ರಾ ತಂಡ ಬಿಟ್ಟು ಹೊರಬಂದಿದ್ದ. ಈ ಅವಧಿ ಮುಗಿಯುವಷ್ಟರಲ್ಲಿ ತಂಡಗಳಿಗಿಂತ ಅವನ ಹೆಸರು ದೊಡ್ಡದಾಗಿತ್ತು. ಜನರಿಗೆ ಹಾಡು ಬೇಕು, ಹಾಡುವವನ ಮುಖ ಬೇಕು. ಹಿಂದೆ ಕೂತ ಹದಿನಾರು ಜನ ಯಾರಾದರೇನು?

ಕೊನೆಯ ಏಟು ತೆರಿಗೆಯದು. 1944ರ ಏಪ್ರಿಲ್ 1ರಿಂದ, ಹಾಡೋ ಕುಣಿತವೋ ಇರುವ ಊಟ–ಕುಡಿತದ ಜಾಗಗಳಲ್ಲಿ ಬಿಲ್ಲಿನ ಮೇಲೆ ಶೇ 30ರ ಕೇಂದ್ರ ತೆರಿಗೆ. ಕೂಗಾಟ ಎದ್ದು ಜುಲೈನಲ್ಲಿ ಅದನ್ನು ಶೇ 20ಕ್ಕೆ ಇಳಿಸಿದರು, ಆದರೆ ಆ ಇಪ್ಪತ್ತು 1960ರವರೆಗೂ ಉಳಿಯಿತು. ಕಾನೂನಿನ ಸಣ್ಣ ಅಕ್ಷರಗಳಲ್ಲಿ ಒಂದು ಕಿಂಡಿ ಇತ್ತು: ಬರೀ ವಾದ್ಯಸಂಗೀತವಿದ್ದು ಯಾರೂ ಹಾಡದೆ, ಯಾರೂ ಕುಣಿಯದೆ ಇದ್ದರೆ ತೆರಿಗೆ ಇಲ್ಲ. ಕ್ಲಬ್ಬಿನ ಮಾಲೀಕರು ಇಂಥದ್ದನ್ನು ಬೇಗ ಓದಿಕೊಳ್ಳುತ್ತಾರೆ. ಕುಣಿತದ ಜಾಗಕ್ಕೆ ಮೇಜು–ಕುರ್ಚಿ ಬಂದವು, ಗೋಡೆಯ ಮೇಲೆ ‘ಇಲ್ಲಿ ಕುಣಿಯುವಂತಿಲ್ಲ’ ಎಂಬ ಫಲಕ ತೂಗಿತು. ಗಿರಾಕಿ ಇನ್ನು ಮಾಡಬಹುದಾದದ್ದು ಕೂತು ಕೇಳುವುದೊಂದೇ.

ಕೂತು ಕೇಳಬೇಕಾದ ಸಂಗೀತ ಅಷ್ಟರಲ್ಲಿ ತಯಾರಾಗಿತ್ತು. ಹಾರ್ಲೆಮ್‌ನ 118ನೇ ಬೀದಿಯಲ್ಲಿ ಸೆಸಿಲ್ ಹೋಟೆಲಿನ ಕಟ್ಟಡದಲ್ಲಿ ಮಿಂಟನ್ಸ್ ಪ್ಲೇಹೌಸ್ ಅನ್ನು 1938ರಲ್ಲಿ ತೆರೆದ ಹೆನ್ರಿ ಮಿಂಟನ್ ಸ್ವತಃ ಸ್ಯಾಕ್ಸೊಫೋನ್ ವಾದಕ, ನ್ಯೂಯಾರ್ಕ್‌ನ ಸಂಗೀತಗಾರರ ಯೂನಿಯನ್ನಿನಲ್ಲಿ ಮೊದಲ ಕಪ್ಪು ಪ್ರತಿನಿಧಿ. ಇದು ಮುಖ್ಯವಾದ ವಿಷಯ. ಕೂಲಿಯಿಲ್ಲದೆ ಒಟ್ಟು ಸೇರಿ ನುಡಿಸುವ ‘ಜ್ಯಾಮ್ ಸೆಷನ್’ಗಳನ್ನು ಯೂನಿಯನ್ ನಿಷೇಧಿಸಿತ್ತು, ಸಿಕ್ಕಿಬಿದ್ದರೆ ದಂಡ. ಮಿಂಟನ್‌ನ ಬಾಗಿಲಿಗೆ ಮಾತ್ರ ಯೂನಿಯನ್ನಿನ ತಪಾಸಣೆಯವರು ಬರುತ್ತಿರಲಿಲ್ಲ. ಸೋಮವಾರ ರಾತ್ರಿ ಕಲಾವಿದರಿಗೆ ಊಟ ಬಿಟ್ಟಿ. ಬೇರೆಲ್ಲೋ ದೊಡ್ಡ ತಂಡದಲ್ಲಿ ಕಾಗದ ನೋಡಿ ಅದದೇ ನುಡಿಸಿ ಬೇಸತ್ತವರು ವಾದ್ಯ ಹೆಗಲಿಗೇರಿಸಿಕೊಂಡು ಇಲ್ಲಿಗೆ ಬರುತ್ತಿದ್ದರು.

1940ರಲ್ಲಿ ಕ್ಲಬ್ಬಿನ ಮೇಲ್ವಿಚಾರಣೆಗೆ ಬಂದ ಟೆಡ್ಡಿ ಹಿಲ್ ಮಾಡಿದ ಮೊದಲ ಕೆಲಸ ಕೆನ್ನಿ ಕ್ಲಾರ್ಕ್‌ನನ್ನು ಕರೆಸಿದ್ದು. ತಮಾಷೆಯೆಂದರೆ, ಹಿಂದೆ ತನ್ನ ಸ್ವಿಂಗ್ ತಂಡದಿಂದ ಇದೇ ಕ್ಲಾರ್ಕ್‌ನನ್ನು ಅವನ ಡ್ರಮ್ಸ್ ಶೈಲಿ ಸರಿಯಿಲ್ಲವೆಂದು ಹೊರಹಾಕಿದವನೂ ಹಿಲ್ಲೇ. ಆ ಶೈಲಿಯ ತಪ್ಪೇನು? ಸ್ವಿಂಗ್‌ನಲ್ಲಿ ಡ್ರಮ್ಮರ್‌ನ ಬಲಗಾಲು ದೊಡ್ಡ ಬಾಸ್ ಡ್ರಮ್ಮಿನ ಮೇಲೆ ನಾಲ್ಕಕ್ಕೆ ನಾಲ್ಕೂ ಏಟು ತಪ್ಪದೆ ಹೊಡೆಯಬೇಕು, ಕುಣಿಯುವವರ ಹೆಜ್ಜೆಗೆ ಅದೇ ಆಧಾರ. ವೇಗ ತೀರಾ ಹೆಚ್ಚಿದಾಗ ಕ್ಲಾರ್ಕ್‌ನ ಕಾಲು ಸೋಲುತ್ತಿತ್ತು. ಅವನು ತಾಳ ಹಿಡಿಯುವ ಕೆಲಸವನ್ನು ಕಾಲಿನಿಂದ ಕೈಗೆ ವರ್ಗಾಯಿಸಿದ. ತಲೆಯೆತ್ತರದಲ್ಲಿ ತೂಗುವ ದೊಡ್ಡ ಸಿಂಬಲ್ ಮೇಲೆ ಬಲಗೈ ‘ಟಿಂಗ್ ಟಿಕಟಿಂಗ್’ ಎಂದು ಓಡುತ್ತಿತ್ತು. ಬಿಡುವಾದ ಕಾಲು ಈಗ ಯಾರೂ ನಿರೀಕ್ಷಿಸದ ಕಡೆ ಧಡ್ ಎಂದು ಗುದ್ದುತ್ತಿತ್ತು. ಯುದ್ಧದ ದಿನಗಳಾದ್ದರಿಂದ ಕಲಾವಿದರು ಅದನ್ನು ‘ಬಾಂಬ್ ಹಾಕುವುದು’ ಎಂದರು. ಹೆಜ್ಜೆ ಹಾಕುವವನಿಗೆ ಇದರಿಂದ ಎಡವಟ್ಟೇ ಸರಿ. ನುಡಿಸುವವನಿಗೆ ಮಾತ್ರ ಹಿಂದಿನಿಂದ ಯಾರೋ ಪ್ರಶ್ನೆ ಕೇಳುತ್ತಿರುವಂತಾಗಿ, ಅವನು ಉತ್ತರ ಕೊಡಲೇಬೇಕಾಯಿತು.

ಪಿಯಾನೊದಲ್ಲಿ ಥೆಲೋನಿಯಸ್ ಮಂಕ್, ಬೆರಳುಗಳನ್ನು ಚಪ್ಪಟೆಯಾಗಿ ಒತ್ತಿ, ಕೇಳಿದವರಿಗೆ ತಪ್ಪು ಮನೆಗೆ ಕೈಯಿಟ್ಟನೇನೋ ಅನಿಸುವ ಸ್ವರಗಳನ್ನು ಹುಡುಕುತ್ತಿದ್ದ. ಚಾರ್ಲಿ ಕ್ರಿಶ್ಚಿಯನ್ ಗುಡ್‌ಮನ್ ತಂಡದ ಕೆಲಸ ಮುಗಿಸಿ ಗಿಟಾರ್ ಹಿಡಿದು ಇಲ್ಲಿಗೆ ಓಡಿ ಬರುತ್ತಿದ್ದ. ಕೊಲಂಬಿಯಾ ವಿಶ್ವವಿದ್ಯಾಲಯದ ಜೆರ್ರಿ ನ್ಯೂಮನ್ ಎಂಬ ವಿದ್ಯಾರ್ಥಿ ತನ್ನ ಧ್ವನಿಮುದ್ರಣ ಯಂತ್ರ ಹೊತ್ತು ತಂದು 1941ರಲ್ಲಿ ಕೆಲವು ರಾತ್ರಿಗಳನ್ನು ಹಿಡಿದಿಟ್ಟದ್ದು ನಮ್ಮ ಪುಣ್ಯ. ಮರುವರ್ಷದ ಮಾರ್ಚ್‌ನಲ್ಲಿ ಕ್ರಿಶ್ಚಿಯನ್ ಕ್ಷಯದಿಂದ ತೀರಿಕೊಂಡ. ವಯಸ್ಸು 25.

ಈ ಗುಂಪಿಗೆ ಬಂದು ಸೇರಿದ ಇಬ್ಬರು ಬೀಬಾಪ್‌ನ ಎರಡು ಮುಖಗಳಾದರು. ದಕ್ಷಿಣ ಕೆರೊಲಿನಾದ ಡಿಜ಼ಿ ಗಿಲೆಸ್ಪಿ ಕ್ಯಾಬ್ ಕ್ಯಾಲೊವೇ ತಂಡದಲ್ಲಿ ಟ್ರಂಪೆಟ್ ವಾದಕ. 1941ರಲ್ಲಿ ವೇದಿಕೆಯ ಮೇಲೆ ಕಾಗದದ ಉಂಡೆ ಎಸೆದನೆಂಬ ಆರೋಪದಿಂದ ಯಜಮಾನನೊಡನೆ ಜಗಳವಾಗಿ ಕೆಲಸ ಕಳೆದುಕೊಂಡ. ಕನ್ಸಾಸ್ ಸಿಟಿಯ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್‌ನದು ಬೇರೆಯೇ ದಾರಿ. 1936ರಲ್ಲಿ, ಹದಿನಾರರ ಆಸುಪಾಸಿನ ಹುಡುಗ, ರೀನೊ ಕ್ಲಬ್ಬಿನಲ್ಲಿ ದೊಡ್ಡವರ ನಡುವೆ ನುಡಿಸಲು ಹೋಗಿ ತಾಳ ತಪ್ಪಿದಾಗ ಡ್ರಮ್ಮರ್ ಜೋ ಜೋನ್ಸ್ ಸಿಂಬಲ್ ಒಂದನ್ನು ಕಿತ್ತು ಅವನ ಕಾಲ ಬಳಿ ಎಸೆದನಂತೆ. ಮುಂದಿನ ಬೇಸಿಗೆಯನ್ನು ಪಾರ್ಕರ್ ಓಝಾರ್ಕ್ ಗುಡ್ಡಗಾಡಿನ ವಿಹಾರಧಾಮವೊಂದರಲ್ಲಿ, ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್‌ನ ಪ್ಲೇಟುಗಳನ್ನು ಸ್ವರ ಸ್ವರ ಬಿಡಿಸಿ ಕಲಿಯುತ್ತ ಕಳೆದ. ನ್ಯೂಯಾರ್ಕಿಗೆ ಬಂದವನು ಮೊದಲು ಮಾಡಿದ್ದು ಹಾರ್ಲೆಮ್‌ನ ಹೋಟೆಲೊಂದರಲ್ಲಿ ತಟ್ಟೆ ತೊಳೆಯುವ ಕೆಲಸ. ಅಲ್ಲಿ ಪಿಯಾನೊ ನುಡಿಸುತ್ತಿದ್ದವನು ಆರ್ಟ್ ಟೇಟಮ್ ಆಗಿದ್ದರಿಂದ ಕೂಲಿಗಿಂತ ಹೆಚ್ಚಿನದೇ ಸಿಕ್ಕಿತು. 1943ರಲ್ಲಿ ಪಾರ್ಕರ್, ಡಿಜ಼ಿ ಇಬ್ಬರೂ ಅರ್ಲ್ ಹೈನ್ಸ್‌ನ ದೊಡ್ಡ ತಂಡದಲ್ಲಿದ್ದರು. ಬೀಬಾಪ್ ಬಲಿತದ್ದು ಅಲ್ಲಿ ಎನ್ನುತ್ತಾರೆ. ಪೆಟ್ರಿಲೊನ ನಿಷೇಧದಿಂದಾಗಿ ಆ ತಂಡದ ಒಂದೇ ಒಂದು ಪ್ಲೇಟೂ ಹೊರಬರಲಿಲ್ಲ. ಸ್ವಿಂಗ್‌ಗೂ ಬೀಬಾಪ್‌ಗೂ ನಡುವಿನ ಮೆಟ್ಟಿಲೇ ಹೀಗೆ ಕಾಣೆಯಾದ್ದರಿಂದ, 1945ರಲ್ಲಿ ಹೊಸ ಸಂಗೀತ ಕಿವಿಗೆ ಬಿದ್ದಾಗ ಅದು ಆಕಾಶದಿಂದ ಉದುರಿದಂತೆ ಜನರಿಗೆ ಕೇಳಿಸಿತು.

ಉದುರಿದ್ದು ಹೇಗಿತ್ತೆಂದು ತಿಳಿಯಬೇಕಾದರೆ 1945ರ ನವೆಂಬರ್ 26ರಂದು ನ್ಯೂಯಾರ್ಕಿನಲ್ಲಿ ಸವಾಯ್ ಕಂಪನಿಗಾಗಿ ಮುದ್ರಿಸಿದ ‘ಕೋ ಕೋ’ ಕೇಳಬೇಕು. ಮೂರು ನಿಮಿಷಕ್ಕೂ ಕಡಿಮೆ. ಇದರ ಬುಡದಲ್ಲಿರುವುದು ರೇ ನೋಬಲ್ ಎಂಬ ಇಂಗ್ಲಿಷಿನವನು ಬರೆದ ‘ಚೆರೋಕೀ’ ಎಂಬ ಜನಪ್ರಿಯ ನೃತ್ಯಗೀತೆ. ಹಾಡಿನ ರಾಗವನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಕೆಳಗೆ ಸಾಗುವ ಸ್ವರಗುಚ್ಛಗಳ ಸರಣಿಯನ್ನು ಮಾತ್ರ ಉಳಿಸಿಕೊಂಡು ಹೊಸದನ್ನು ನುಡಿಸುವುದು ಇವರ ಪದ್ಧತಿ. ನಮ್ಮ ಯಕ್ಷಗಾನದಲ್ಲಿ ಮಟ್ಟು ಒಂದೇ ಇದ್ದು ಪದ ಬದಲಾಗುತ್ತದಲ್ಲ, ಇಲ್ಲಿ ತಲೆಕೆಳಗು: ಜನ ಗುನುಗುವ ಮಟ್ಟೇ ಮಾಯ, ಕೇಳುಗನ ಕಿವಿಗೆ ನೇರವಾಗಿ ಬೀಳದ ಕಟ್ಟು ಮಾತ್ರ ಖಾಯಂ. ಇದರಲ್ಲಿ ಕಲೆಯೂ ಇತ್ತು, ಕಾಸೂ ಇತ್ತು. ರಾಗಕ್ಕೆ ಕೃತಿಸ್ವಾಮ್ಯವುಂಟು, ಸ್ವರಗುಚ್ಛಗಳ ಸರಣಿಗಿಲ್ಲ. ಮೂಲ ರಾಗ ನುಡಿಸಿದರೆ ಕಂಪನಿ ರಾಯಧನ ಕಟ್ಟಬೇಕು. ಅಂದಿನ ಮೊದಲ ಯತ್ನದಲ್ಲಿ ಪಾರ್ಕರ್ ಮತ್ತು ಡಿಜ಼ಿ ಪೀಠಿಕೆ ಮುಗಿಸಿ ‘ಚೆರೋಕೀ’ಯ ರಾಗಕ್ಕೆ ಇಳಿಯುತ್ತಿದ್ದಂತೆ ನಿಲ್ಲಿಸಿ ಎಂಬ ಗದ್ದಲ ಕೇಳಿಸುತ್ತದೆ. ಆ ತುಂಡೂ ಉಳಿದು ಬಂದಿದೆ.

ಪೂರ್ತಿ ಮುದ್ರಣದಲ್ಲಿ ಪೀಠಿಕೆಯಿಂದ ಸೀದಾ ಪಾರ್ಕರ್‌ನ ಮನೋಧರ್ಮಕ್ಕೆ ಜಿಗಿತ. ನಿಮಿಷಕ್ಕೆ ಮುನ್ನೂರು ಮಾತ್ರೆಯ ಆಸುಪಾಸಿನ ವೇಗ. ಮೊದಲ ಸಲ ಕೇಳಿದಾಗ ಸ್ವರಗಳು ಗುಂಪಾಗಿ ಓಡಿಹೋದಂತೆ ಮಾತ್ರ ತೋರುತ್ತದೆ. ನಾಲ್ಕಾರು ಸಲ ಕೇಳಿದ ಮೇಲೆ ಒಂದೊಂದು ವಾಕ್ಯದ ಉದ್ದ ಬೇರೆ ಬೇರೆ ಎಂಬುದು ಹೊಳೆಯುತ್ತದೆ. ಒಂದು ವಾಕ್ಯ ಸರಣಿ ಬದಲಾಗುವ ಗಡಿಯನ್ನು ದಾಟಿ ಹೋಗಿ ನಿಲ್ಲುತ್ತದೆ, ಇನ್ನೊಂದು ಅರ್ಧದಲ್ಲೇ ತುಂಡಾಗಿ ಮ್ಯಾಕ್ಸ್ ರೋಚ್‌ನ ಡ್ರಮ್ಮಿಗೆ ಜಾಗ ಬಿಡುತ್ತದೆ. ಇಷ್ಟು ವೇಗದಲ್ಲೂ ಪಾರ್ಕರ್ ಅವಸರಿಸುವುದಿಲ್ಲ. ಸ್ಯಾಕ್ಸೊಫೋನಿನ ದನಿಯಲ್ಲಿ ಕನ್ಸಾಸ್ ಸಿಟಿಯ ಬ್ಲೂಸ್‌ನ ಒರಟು ಎಲ್ಲೂ ಕಳೆದುಹೋಗುವುದಿಲ್ಲ. ಬೀಬಾಪ್ ಬರೀ ಬುದ್ಧಿಯ ಕಸರತ್ತು ಎಂದು ಹೀಗಳೆಯುವವರು ಈ ಬ್ಲೂಸನ್ನು ಕೇಳಿಸಿಕೊಂಡಿಲ್ಲ ಎಂದೇ ನನ್ನ ಗುಮಾನಿ.

ಅದೇ ದಿನ ಮುದ್ರಣವಾದ ಇನ್ನೊಂದು ತುಣುಕು ‘ನೌ ಈಸ್ ದ ಟೈಮ್’, ಟ್ರಂಪೆಟ್ ಹಿಡಿದಿದ್ದವನು 19ರ ಮೈಲ್ಸ್ ಡೇವಿಸ್. ಅದರ ಮುಖ್ಯ ಸ್ವರಸಾಲು 1949ರಲ್ಲಿ ‘ದ ಹಕಲ್‌ಬಕ್’ ಎಂಬ ಹೆಸರಿನಲ್ಲಿ, ಅದೇ ಸವಾಯ್ ಕಂಪನಿಯಿಂದ, ಪಾಲ್ ವಿಲಿಯಮ್ಸ್ ನುಡಿಸಿದ ನೃತ್ಯಗೀತೆಯಾಗಿ ಹೊರಬಂದು ದೇಶವನ್ನೇ ಕುಣಿಸಿತು. ಕರ್ತೃಗಳ ಜಾಗದಲ್ಲಿ ಪಾರ್ಕರ್‌ನ ಹೆಸರಿರಲಿಲ್ಲ. ಬೀಬಾಪ್‌ನಲ್ಲಿ ಕುಣಿಸುವ ಗುಣವೇ ಇರಲಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಹಳೆಯ ತಲೆಮಾರು ಸಿಡುಕಿತು. ಕ್ಯಾಲೊವೇ ಇದನ್ನು ಚೀನೀ ಸಂಗೀತವೆಂದು ಗೇಲಿ ಮಾಡಿದ, ಲೂಯಿ ಆರ್ಮ್‌ಸ್ಟ್ರಾಂಗ್ ಬಹಿರಂಗವಾಗಿಯೇ ತೆಗಳಿದ. ಪತ್ರಿಕೆಗಳಿಗೆ ಸಂಗೀತಕ್ಕಿಂತ ಡಿಜ಼ಿಯ ಬೆರೆ ಟೋಪಿ, ದಪ್ಪ ಚೌಕಟ್ಟಿನ ಕನ್ನಡಕ, ಹೋತದ ಗಡ್ಡ ಹೆಚ್ಚು ರುಚಿಸಿದವು. ಕುಣಿಯುವವರಂತೂ ಈ ಜಗಳಕ್ಕೆ ಕಾಯಲಿಲ್ಲ. ಅವರು ಆಗಲೇ ಲೂಯಿ ಜೋರ್ಡನ್ ಕಡೆ ಹೋಗಿದ್ದರು. ಅವನೂ ಸಣ್ಣ ತಂಡದವನೇ, ಚಿಕ್ ವೆಬ್ ತಂಡದಿಂದ ಬಂದವನೇ, ಆದರೆ ಗಟ್ಟಿ ತಾಳ ಹಿಡಿದು ನಗಿಸುತ್ತ ಹಾಡುತ್ತಿದ್ದ. ಆ ದಾರಿ ರಿದಮ್ ಆ್ಯಂಡ್ ಬ್ಲೂಸ್ ಆಗಿ, ಮುಂದೆ ರಾಕ್ ಆ್ಯಂಡ್ ರೋಲ್ ಆಯಿತು.

1946ರ ಕೊನೆಗೆ ಗುಡ್‌ಮನ್, ಡಾರ್ಸಿ, ಹ್ಯಾರಿ ಜೇಮ್ಸ್, ವುಡಿ ಹರ್ಮನ್ ತಂಡಗಳೆಲ್ಲ ಕೆಲವೇ ವಾರಗಳ ಅಂತರದಲ್ಲಿ ಬಾಗಿಲು ಹಾಕಿದವು. ಕೆಲವರು ಮತ್ತೆ ತಂಡ ಕಟ್ಟಿದರು, ಆ ದಿನಗಳು ಮರಳಲಿಲ್ಲ. 1950ರಲ್ಲಿ ಕೌಂಟ್ ಬೇಸಿಯಂಥವನೂ ಸಣ್ಣ ತಂಡಕ್ಕೆ ಇಳಿದ. ಡ್ಯೂಕ್ ಎಲಿಂಗ್ಟನ್ ತನ್ನ ಹಾಡುಗಳ ರಾಯಧನವನ್ನು ಸುರಿದು ತಂಡವನ್ನು ಉಳಿಸಿಕೊಂಡ. ಸ್ವಿಂಗನ್ನು ಬೀಬಾಪ್ ಕೊಂದಿತು ಎಂಬ ವಾದದ ವಿರುದ್ಧ ಡಿಜ಼ಿಯ ಗತಿಯೇ ಸಾಕ್ಷಿ ಹೇಳುತ್ತದೆ. 1946ರಲ್ಲಿ ಅವನು ಬೀಬಾಪ್ ನುಡಿಸುವ ದೊಡ್ಡ ತಂಡ ಕಟ್ಟಿದ, ಕ್ಯೂಬಾದ ಚಾನೊ ಪೋಜೊನ ಕಾಂಗಾ ಸೇರಿಸಿ ಕಾರ್ನೆಗಿ ಹಾಲ್ ನಡುಗಿಸಿದ. 1950ಕ್ಕೆ ಆ ತಂಡವೂ ಮುಚ್ಚಿತು. ಸಂಗೀತ ಹಳೆಯದಿರಲಿ ಹೊಸದಿರಲಿ, ಹದಿನೇಳು ಜನರ ಸಂಬಳ ಸಂಬಳವೇ.

ಬೀಬಾಪ್ ಗೆದ್ದಿತೇ? 1949ರ ಡಿಸೆಂಬರ್‌ನಲ್ಲಿ ಬ್ರಾಡ್‌ವೇಯಲ್ಲಿ ತೆರೆದ ಕ್ಲಬ್ಬಿಗೆ ಪಾರ್ಕರ್‌ನ ಅಡ್ಡಹೆಸರಿನಿಂದ ‘ಬರ್ಡ್‌ಲ್ಯಾಂಡ್’ ಎಂದು ಹೆಸರಿಟ್ಟರು. 1955ರ ಮಾರ್ಚ್ 12ರಂದು ಹೆರಾಯಿನ್ ಮತ್ತು ಕುಡಿತದಿಂದ ಸವೆದ ಪಾರ್ಕರ್ ನ್ಯೂಯಾರ್ಕಿನ ಹೋಟೆಲೊಂದರಲ್ಲಿ, ಗೆಳತಿಯ ಕೋಣೆಯಲ್ಲಿ ಸತ್ತಾಗ ದೇಹ ನೋಡಿದ ವೈದ್ಯರು ವಯಸ್ಸು ಐವತ್ತು ದಾಟಿರಬೇಕೆಂದು ಅಂದಾಜು ಮಾಡಿದರು. ಅವನಿಗಾಗಿದ್ದದ್ದು 34.

ಅಮೆರಿಕದಲ್ಲಿ ಬೀದಿಗೆ ಬಿದ್ದ ದೊಡ್ಡ ತಂಡಕ್ಕೆ ಮುಂಬೈಯಲ್ಲಿ ಕೆಲಸ ಸಿಕ್ಕಿದ್ದು ಇನ್ನೊಂದು ಸ್ವಾರಸ್ಯ. ತಾಜ್ ಹೋಟೆಲಿನಲ್ಲಿ ಸ್ವಿಂಗ್ ನುಡಿಸುತ್ತಿದ್ದ ಗೋವೆಯ ಕಲಾವಿದರು ಹಿಂದಿ ಸಿನಿಮಾದ ಸ್ಟುಡಿಯೊಗಳಿಗೆ ಬಂದರು. 1951ರ ‘ಅಲ್‌ಬೇಲಾ’ ಚಿತ್ರದಲ್ಲಿ ಸಿ. ರಾಮಚಂದ್ರ ಅವರ ಹಾಡಿಗೆ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ತಂಡಸಮೇತ ತೆರೆಯ ಮೇಲೂ ಕಾಣಿಸಿಕೊಂಡರು. ಹಾಡು, ಕುಣಿತ, ದೊಡ್ಡ ವಾದ್ಯವೃಂದ ಮೂರನ್ನೂ ಒಟ್ಟಿಗೆ ಸಾಕುವ ಶಕ್ತಿ ಸಿನಿಮಾಕ್ಕಿತ್ತು. ಬೀಬಾಪ್‌ಗೆ ಅಲ್ಲಿ ಜಾಗವಿರಲಿಲ್ಲ.

ಕರ್ನಾಟಕದ ನಂಟು ಬಂದದ್ದು ಬೀಬಾಪ್‌ನ ಕವಲಿನಿಂದ. ಪಾರ್ಕರ್‌ನ ಪ್ರಭಾವದಲ್ಲಿ ಬೆಳೆದ ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾಗಸ್ವರ ಕಲಿತರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಜೊತೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದರು. ಕನ್ನಡ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದ ಕೊಲೊರಾಡೊದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ನಮ್ಮ ಕದ್ರಿ ಗೋಪಾಲನಾಥರ ಜೊತೆ 2008ರಲ್ಲಿ ‘ಕಿನ್ಸ್‌ಮೆನ್’ ಮಾಡಿದರು, ಎರಡು ಆಲ್ಟೊ ಸ್ಯಾಕ್ಸೊಫೋನ್‌ಗಳು ಎದುರುಬದುರು. 2015ರ ಅವರ ‘ಬರ್ಡ್ ಕಾಲ್ಸ್’ ಪೂರ್ತಿ ಪಾರ್ಕರ್ ಕೃತಿಗಳಿಂದ ಹುಟ್ಟಿದ್ದು, ಆದರೆ ಪಾರ್ಕರ್‌ನ ಒಂದು ಕೃತಿಯನ್ನೂ ಅವರು ಇದ್ದಂತೆ ನುಡಿಸುವುದಿಲ್ಲ. ಒಂದು ಕಡೆ ರಾಗ ಇಟ್ಟುಕೊಂಡು ತಾಳ ಮುರಿಯುತ್ತಾರೆ, ಇನ್ನೊಂದು ಕಡೆ ಪಾರ್ಕರ್‌ನ ಮನೋಧರ್ಮದ ಒಂದು ತುಣುಕನ್ನೇ ಹೊಸ ಕೃತಿಯ ಪಲ್ಲವಿ ಮಾಡುತ್ತಾರೆ. ‘ಚೆರೋಕೀ’ಗೆ ಪಾರ್ಕರ್ ಮಾಡಿದ್ದನ್ನು ಮಹಾಂತಪ್ಪ ಪಾರ್ಕರ್‌ಗೆ ಮಾಡಿದ್ದಾರೆ, ಈ ಸಲ ರಾಯಧನದ ಭಯವಿಲ್ಲದೆ.